ಕಾರಿನ ಲೈಟರ್ ಸಾಕೆಟ್ ಲೈನಿನಿಂದ ಇನ್ವರ್ಟರ್ ಹಾಕಿಸಬೇಡಿ: ಒಂದು ಕಾರಿನ ವೈರಿಂಗ್ ಸುಟ್ಟದ್ದು ಹೀಗೆ

ಏಳು ಸೀಟಿನ ಡೀಸೆಲ್ ಕಾರು. ಲ್ಯಾಪ್‌ಟಾಪ್ ಚಾರ್ಜ್ ಮಾಡಲು, ದಾರಿಯಲ್ಲಿ ಮಗುವಿಗೆ ಗಂಜಿ ಬೇಯಿಸಲು 300 ವ್ಯಾಟಿನ ಪುಟ್ಟ ರೈಸ್ ಕುಕ್ಕರ್ ಹಚ್ಚಲು ಎಂದು ಆ ಮನೆಯವರು ಬೆಂಗಳೂರಿನ ಒಂದು ಆಕ್ಸೆಸರಿ ಅಂಗಡಿಯಲ್ಲಿ ಇನ್ವರ್ಟರ್ (ಬ್ಯಾಟರಿಯ 12 ವೋಲ್ಟನ್ನು ಮನೆಯ 230 ವೋಲ್ಟ್ ಕರೆಂಟಾಗಿಸುವ ಉಪಕರಣ) ಹಾಕಿಸಿದರು. ಡಬ್ಬದ ಮೇಲೆ '1000 ವ್ಯಾಟ್' ಎಂದಿತ್ತು. ಶಿರಾಡಿ ಘಾಟಿಯಲ್ಲಿ ಡ್ಯಾಶ್‌ಬೋರ್ಡ್ ಒಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಹಿಂದೆಯೇ ಹೊಗೆ. ಗಾಡಿ ನಿಲ್ಲಿಸಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದ್ದರಿಂದ ಬೆಂಕಿ ಹತ್ತಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಡ್ಯಾಶ್‌ಬೋರ್ಡ್ ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ಪೂರ್ತಿ ಬದಲಿಸಬೇಕಾಯಿತು. ಮೂಲ ವೈರಿಂಗ್ ಕತ್ತರಿಸಿದೆ ಎಂದು ವಾರಂಟಿ ಸಿಗಲಿಲ್ಲ.

ಬಿಚ್ಚಿ ನೋಡಿದಾಗ ಇನ್ವರ್ಟರ್ ಕೆಟ್ಟಿರಲಿಲ್ಲ. ಸುಟ್ಟದ್ದು ಅದಕ್ಕೆ ಕರೆಂಟು ಒಯ್ಯುತ್ತಿದ್ದ ತಂತಿ. ಇಂಥ ಹೆಚ್ಚಿನ ಕೇಸುಗಳಲ್ಲಿ ಆಗುವುದು ಇದೇ. ಜನ ಇನ್ವರ್ಟರ್ ಯಾವ ಕಂಪನಿಯದು ಎಂದು ಗಂಟೆಗಟ್ಟಲೆ ವಿಚಾರಿಸುತ್ತಾರೆ, ಬ್ಯಾಟರಿಯಿಂದ ಅಲ್ಲಿಯವರೆಗೆ ಯಾವ ತಂತಿ ಹೋಗಿದೆ, ಅದಕ್ಕೆ ಯಾವ ಫ್ಯೂಸ್ ಇದೆ ಎಂದು ಒಬ್ಬರೂ ಕೇಳುವುದಿಲ್ಲ.

ಅಂಗಡಿಯವನು ಮಾಡಿದ್ದು ಇಷ್ಟು. ಗೇರ್ ಲಿವರ್ ಬಳಿಯ ಸಿಗರೇಟ್ ಲೈಟರ್ ಸಾಕೆಟ್‌ನ ಹಿಂದೆ ಮೂಲ ತಂತಿಗೆ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಅಲ್ಲಿಂದ ಲೈನ್ ಎಳೆದಿದ್ದ. ಆ ಸಾಕೆಟ್‌ಗೆ ಕಂಪನಿ ಕೊಟ್ಟದ್ದು 15 ಆಂಪ್ಸ್‌ನ ನೀಲಿ ಫ್ಯೂಸ್. 12 ವೋಲ್ಟ್ ಲೆಕ್ಕದಲ್ಲಿ ಅದು 180 ವ್ಯಾಟ್. ಎಷ್ಟೋ ಕಾರುಗಳಲ್ಲಿ ಮುಚ್ಚಳದ ಮೇಲೆ 120 ವ್ಯಾಟ್ ಎಂದೇ ಬರೆದಿರುತ್ತದೆ. ಕುಕ್ಕರ್ ಹಚ್ಚಿದೊಡನೆ ಫ್ಯೂಸ್ ಹೋಯಿತು. ಹೋಗಲೇಬೇಕಿತ್ತು, ಅದು ಇರುವುದೇ ಅದಕ್ಕೆ. ಆದರೆ ಅಂಗಡಿಯವನು ಅದನ್ನು ಕಿತ್ತು 30 ಆಂಪ್ಸ್‌ನ ಹಸಿರು ಫ್ಯೂಸ್ ಸಿಕ್ಕಿಸಿ 'ಇನ್ನು ತೊಂದರೆ ಇಲ್ಲ ಸರ್' ಎಂದು ಕಳಿಸಿದ. ವೈರಿಂಗ್ ಸುಟ್ಟದ್ದು ಆ ಹಸಿರು ಫ್ಯೂಸಿನಿಂದ.

ಲೆಕ್ಕ ನೋಡಿ. ಇನ್ವರ್ಟರ್‌ನ ದಕ್ಷತೆ ಸುಮಾರು 85 ಶೇಕಡ ಎಂದರೆ, 300 ವ್ಯಾಟ್ ಹೊರಗೆ ಕೊಡಲು ಅದು ಸುಮಾರು 353 ವ್ಯಾಟ್ ಒಳಗೆ ಎಳೆಯಬೇಕು. ಎಂಜಿನ್ ಓಡುವಾಗ 13.5 ವೋಲ್ಟ್ ಇದ್ದರೆ 26 ಆಂಪ್ಸ್. ಸಾಕೆಟ್‌ಗೆ ಹೋಗುವ ತಂತಿ 1.25 ಸ್ಕ್ವೇರ್ ಎಂಎಂ, ಹೋಗಿಬರುವ ದಾರಿ 5 ಮೀಟರ್ ಎಂದಿಟ್ಟುಕೊಳ್ಳಿ. ಅದರ ರೆಸಿಸ್ಟೆನ್ಸ್ 0.07 ಓಮ್. ತಂತಿಯಲ್ಲೇ ಎರಡು ವೋಲ್ಟ್ ಸೋರಿಹೋಗುತ್ತದೆ. ವೋಲ್ಟೇಜ್ ಇಳಿದರೆ ಇನ್ವರ್ಟರ್ ಸುಮ್ಮನಾಗುವುದಿಲ್ಲ, ಅಷ್ಟೇ ವ್ಯಾಟ್ ಕೊಡಲು ಇನ್ನೂ ಹೆಚ್ಚು ಆಂಪ್ಸ್ ಎಳೆಯುತ್ತದೆ. ಹೀಗೆ ಏರುತ್ತಾ 30 ಆಂಪ್ಸ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆಗ ತಂತಿಯಲ್ಲಿ ಹುಟ್ಟುವ ಶಾಖ 63 ವ್ಯಾಟ್, ಹಳೆಯ ಕಾಲದ 60ರ ಬಲ್ಬನ್ನು ತಂತಿಗಳ ಕಟ್ಟಿನೊಳಗೆ ಹಚ್ಚಿಟ್ಟಂತೆ.

30ರ ಫ್ಯೂಸ್ ಯಾಕೆ ಹೋಗಲಿಲ್ಲ? 30 ಆಂಪ್ಸ್ ಅದಕ್ಕೆ ಮಾಮೂಲು ಕೆಲಸ. ಕಾರಿನಲ್ಲಿ ಬಳಸುವ ಇಂಥ ಚಪ್ಪಟೆ ಕಾಲಿನ ಬ್ಲೇಡ್ ಫ್ಯೂಸ್ ತನ್ನ ರೇಟಿಂಗ್‌ನ 110 ಶೇಕಡ ಕರೆಂಟನ್ನು 100 ಗಂಟೆ ತಡೆದುಕೊಳ್ಳಬೇಕೆಂದೇ ಮಾನದಂಡ ಹೇಳುತ್ತದೆ. 135 ಶೇಕಡದಲ್ಲಿ ಕೂಡ ಹತ್ತು ನಿಮಿಷದವರೆಗೆ ಉಳಿಯಬಹುದು. ಫ್ಯೂಸ್ ಕಾಯುವುದು ತಂತಿಯನ್ನು, ಉಪಕರಣವನ್ನಲ್ಲ. ತಂತಿ ಬದಲಿಸದೆ ಫ್ಯೂಸ್ ಮಾತ್ರ ದೊಡ್ಡದು ಮಾಡಿದರೆ, ಆಮೇಲೆ ಕರಗಬೇಕಾದ ಸರದಿ ತಂತಿಯದು. ಇಲ್ಲಿ ಮೊದಲು ಕರಗಿದ್ದು ಕಚ್ಚಿಸಿದ ಕ್ಲಿಪ್. ಅದರ ಬ್ಲೇಡು ತಂತಿಯ ಕೆಲವೇ ಎಳೆಗಳನ್ನು ಮುಟ್ಟುತ್ತಿತ್ತು, ಎಲ್ಲ ಕರೆಂಟೂ ಆ ಚಿಕ್ಕ ಜಾಗದಲ್ಲೇ ಹಾಯುತ್ತಿತ್ತು.

ಇದರ ನಂತರ ಇನ್ನೊಂದು ಅಂಗಡಿ ಕೊಟ್ಟ 'ಪರಿಹಾರ' ಇನ್ನೂ ಅಪಾಯಕಾರಿ: ಬ್ಯಾಟರಿಯಿಂದ ನೇರ ದಪ್ಪ ತಂತಿ, ಆದರೆ ಫ್ಯೂಸ್ ಇಲ್ಲ. ಇನ್ವರ್ಟರ್ ಒಳಗೇ ಫ್ಯೂಸ್ ಇದೆಯಲ್ಲ ಎಂಬುದು ಅವರ ವಾದ. ಫೈರ್‌ವಾಲಿನ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆ) ತಗಡಿನ ತೂತಿನಲ್ಲಿ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಇಲ್ಲದೆ ತಂತಿ ತೂರಿಸಿದರೆ, ಗಾಡಿಯ ಅದುರಿಗೆ ಹೊದಿಕೆ ಸವೆದು ತಾಮ್ರ ಬಾಡಿಗೆ ತಾಗುತ್ತದೆ. ಆ ಜಾಗ ಬ್ಯಾಟರಿಗೂ ಇನ್ವರ್ಟರ್‌ಗೂ ನಡುವೆ ಇರುವುದರಿಂದ ಒಳಗಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಕಾರಿನ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪ್ಸ್ ಸುರಿಯುತ್ತದೆ. ಇದಕ್ಕೆ ದಯವಿಟ್ಟು ಒಪ್ಪಬೇಡಿ.

ಸರಿಯಾದ ಕೆಲಸ ಹೇಗಿರಬೇಕು ಎಂದರೆ, ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಬೋಲ್ಟ್ ಹಾಕಿ ಬಿಗಿಯುವ ಮಿಡಿ ಅಥವಾ ಎಎನ್ಎಲ್ ಫ್ಯೂಸ್ ತೆಗೆದುಕೊಳ್ಳಿ, ಮುಚ್ಚಳವಿರುವ ಹೋಲ್ಡರ್ ಜೊತೆ. 300 ವ್ಯಾಟ್ ಇನ್ವರ್ಟರ್ ಮುಂದಿನ ಸೀಟಿನ ಪಕ್ಕ ಕೂರುವುದಾದರೆ 10 ಸ್ಕ್ವೇರ್ ಎಂಎಂ ತಾಮ್ರದ ತಂತಿ, 40 ಆಂಪ್ಸ್ ಫ್ಯೂಸ್. ಡಿಕ್ಕಿಯವರೆಗೆ ಹೋಗಬೇಕಾದರೆ ತಂತಿ 16 ಮಾಡಿ, ಫ್ಯೂಸ್ ಅದೇ ಇರಲಿ. 600 ವ್ಯಾಟ್‌ಗೆ, ಎರಡು ಮೀಟರ್ ಒಳಗಾದರೆ, 16 ಸ್ಕ್ವೇರ್ ಎಂಎಂ ಮತ್ತು 70 ಆಂಪ್ಸ್. ಅದಕ್ಕಿಂತ ದೊಡ್ಡದನ್ನು ಮಾಮೂಲಿ ಕಾರಿಗೆ ಹಾಕಲೇಬೇಡಿ: 1000 ವ್ಯಾಟ್ ಎಂದರೆ ಸುಮಾರು 100 ಆಂಪ್ಸ್, ಅನೇಕ ಕಾರುಗಳ ಆಲ್ಟರ್ನೇಟರ್ (ಎಂಜಿನ್ ತಿರುಗಿಸಿ ಕರೆಂಟು ಹುಟ್ಟಿಸುವ ಯಂತ್ರ) ಪೂರ್ತಿ ತಿರುಗಿದರೂ ಅಷ್ಟು ಕೊಡುವುದಿಲ್ಲ, ಐಡಲ್‌ನಲ್ಲಂತೂ ಇಲ್ಲವೇ ಇಲ್ಲ.

ತಂತಿ ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಕಾರ್ ಆಂಪ್ಲಿಫೈಯರ್ ಕಿಟ್‌ಗಳಲ್ಲಿ ಬರುವ ಅಗ್ಗದ ತಂತಿ ಎಷ್ಟೋ ಸಲ ಮೇಲೆ ತಾಮ್ರದ ಲೇಪ, ಒಳಗೆ ಬೆಳ್ಳಗಿನ ಅಲ್ಯುಮಿನಿಯಂ. ಅದರ ರೆಸಿಸ್ಟೆನ್ಸ್ ತಾಮ್ರದ ಸುಮಾರು ಒಂದೂವರೆ ಪಟ್ಟು. ತುದಿಗಳಿಗೆ ಅಳತೆಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ ಕ್ರಿಂಪಿಂಗ್ ಟೂಲಿನಿಂದ ಒತ್ತಿಸಬೇಕು. ತಿರುಚಿ ಟೇಪ್ ಸುತ್ತಿದ ಜಾಯಿಂಟು ಬೇಸಿಗೆಯ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ನೆಗೆಟಿವ್ ತಂತಿಯೂ ಅಷ್ಟೇ ದಪ್ಪ. ಬಾಡಿಯ ಗಟ್ಟಿ ಬೋಲ್ಟಿನ ಬಳಿ ಪೇಂಟ್ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿಯಬೇಕು. ಈಚಿನ ಕಾರುಗಳಲ್ಲಿ ಬ್ಯಾಟರಿ ನೆಗೆಟಿವ್ ಮೇಲೆ ಪುಟ್ಟ ಸೆನ್ಸರ್ ಇದ್ದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ನೇರ ಜೋಡಿಸಬೇಡಿ. ನೀವು ಎಳೆದ ಕರೆಂಟು ಆ ಸೆನ್ಸರಿನ ಲೆಕ್ಕಕ್ಕೆ ಬರದೆ ಚಾರ್ಜಿಂಗ್ ಏರುಪೇರಾಗುತ್ತದೆ. ಸೀಟಿನ ಕೆಳಗೆ ಸ್ಕ್ರೂ ಹೊಡೆಯುವ ಮುಂಚೆ ಹಳದಿ ಕನೆಕ್ಟರ್‌ಗಳನ್ನು ಗಮನಿಸಿ, ಅವು ಏರ್‌ಬ್ಯಾಗಿನವು, ಅವುಗಳ ಹತ್ತಿರ ಡ್ರಿಲ್ ಸುಳಿಯಬಾರದು. ಇನ್ವರ್ಟರನ್ನು ಕಾರ್ಪೆಟ್ ಅಡಿಗೂ ಇಡಬಾರದು, ಡಿಕ್ಕಿಯ ಸಿಎನ್‌ಜಿ ಸಿಲಿಂಡರ್ ಪಕ್ಕಕ್ಕೂ ಇಡಬಾರದು. ಅದರ 230 ವೋಲ್ಟ್ ಔಟ್‌ಪುಟ್‌ನ ಎರಡು ತಂತಿಗಳಲ್ಲಿ ಯಾವುದನ್ನೂ ಬಾಡಿಗೆ ಕಟ್ಟಬೇಡಿ. ಅದು ಮನೆಯ ಕರೆಂಟಿನಷ್ಟೇ ಹೊಡೆಯುತ್ತದೆ.

ಹೆಚ್ಚುವರಿ ಔಟ್‌ಲೆಟ್ ಮಾತ್ರ ಬೇಕಿದ್ದರೆ ಇಷ್ಟೆಲ್ಲ ಬೇಡ. ಬೇರೆ 12 ವೋಲ್ಟ್ ಸಾಕೆಟ್, ಬ್ಯಾಟರಿಯಿಂದ 4 ಸ್ಕ್ವೇರ್ ಎಂಎಂ ತಂತಿ, 15 ಆಂಪ್ಸ್ ಫ್ಯೂಸ್, ನಡುವೆ 40 ಆಂಪ್ಸ್ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಲೈನನ್ನು ಹಚ್ಚಿ ಆರಿಸುವ ಸ್ವಿಚ್). ರಿಲೇಯ ಮೇಲೆ ಬರೆದ ಪಿನ್ ನಂಬರುಗಳ ಪ್ರಕಾರ 30ಕ್ಕೆ ಫ್ಯೂಸ್ ದಾಟಿ ಬಂದ ಲೈನ್, 87ರಿಂದ ಸಾಕೆಟ್, 86ಕ್ಕೆ ಕೀ ತಿರುಗಿಸಿದಾಗ ಮಾತ್ರ ಬರುವ ಸಪ್ಲೈ, 85 ಬಾಡಿಗೆ. ಕೀ ತೆಗೆದರೆ ಸಾಕೆಟ್ ಸತ್ತಿರುತ್ತದೆ, ಬ್ಯಾಟರಿ ಉಳಿಯುತ್ತದೆ.

ಲ್ಯಾಪ್‌ಟಾಪ್ ಒಂದಕ್ಕೇ ಆದರೆ ಇನ್ವರ್ಟರ್ ಯಾಕೆ ಬೇಕು? ಟೈಪ್-ಸಿ ಚಾರ್ಜ್ ಆಗುವ ಲ್ಯಾಪ್‌ಟಾಪ್‌ಗೆ 65 ವ್ಯಾಟ್‌ನ ಪಿಡಿ (ಪವರ್ ಡೆಲಿವರಿ) ಕಾರ್ ಚಾರ್ಜರ್ ಸಾಕು. ಅದು ಎಳೆಯುವುದು ಸುಮಾರು 6 ಆಂಪ್ಸ್, ಮೂಲ ಸಾಕೆಟ್ ಆರಾಮವಾಗಿ ಕೊಡುತ್ತದೆ, ಒಂದು ತಂತಿಯನ್ನೂ ಮುಟ್ಟಬೇಕಿಲ್ಲ.

ಈಗಾಗಲೇ ಇನ್ವರ್ಟರ್ ಹಾಕಿಸಿದ್ದರೆ ಮೊದಲು ಫ್ಯೂಸ್ ಬಾಕ್ಸ್ ತೆರೆದು, ಸಾಕೆಟ್‌ನ ಫ್ಯೂಸ್ ಮ್ಯಾನ್ಯುಯಲ್‌ನಲ್ಲಿ ಬರೆದದ್ದಕ್ಕಿಂತ ದೊಡ್ಡದಿದೆಯೇ ನೋಡಿ. ಇದ್ದರೆ ಮೂಲದ್ದನ್ನು ಇಂದೇ ಹಾಕಿ, ಲೈನ್ ಬದಲಾಗುವವರೆಗೆ ಇನ್ವರ್ಟರ್ ಬಳಸಬೇಡಿ. ಬ್ಯಾಟರಿಯಿಂದ ನೇರ ಬಂದಿದ್ದರೆ, ಎಂಜಿನ್ ಚಾಲೂ ಇಟ್ಟು ಪೂರ್ತಿ ಲೋಡ್ ಹಾಕಿ ಹತ್ತು ನಿಮಿಷ ಬಿಡಿ. ಮಲ್ಟಿಮೀಟರ್‌ನಿಂದ ಬ್ಯಾಟರಿ ತುದಿಯ ವೋಲ್ಟೇಜ್ ಒಮ್ಮೆ, ಇನ್ವರ್ಟರ್‌ನ ಒಳ ತುದಿಯದು ಒಮ್ಮೆ ನೋಡಿ. ವ್ಯತ್ಯಾಸ ಅರ್ಧ ವೋಲ್ಟ್ ಮೀರಿದರೆ ತಂತಿ ಸಣ್ಣದು ಅಥವಾ ಎಲ್ಲೋ ಜಾಯಿಂಟು ಸಡಿಲ. ಲಗ್, ಫ್ಯೂಸ್ ಹೋಲ್ಡರ್, ಬಾಡಿ ಬೋಲ್ಟ್ ಮೂರನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿ ಇದ್ದ ಕಡೆ ಬಿಚ್ಚಿಸಿ ಹೊಸದಾಗಿ ಮಾಡಿಸಿ.