ವ್ಯಾಕ್ಸ್ ಅಂತ ಹೇಳಿ ಗ್ಲೇಜ್ ಬಳಿದು ಕಳಿಸಿದರು, ಅಂಗಡಿಗೆ ಕಾರು ಕೊಡೋ ಮುಂಚೆ ಓದಿ

ಕಾರಿಗೆ ವ್ಯಾಕ್ಸ್ ಮಾಡಿಸೋ ಯೋಚನೆ ಇದ್ದರೆ ಐದು ನಿಮಿಷ ಕೊಡಿ. ನನ್ನ ಕಾರಿಗೆ ವ್ಯಾಕ್ಸ್ ಹಾಕೋ ಅಂಗಡಿಯವರ ಜೊತೆ ಮಾತಾಗಿದ್ದು ಇಷ್ಟು: ತೊಳೆದು, ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತೋ ಜೇಡಿಯಂಥ ಮುದ್ದೆ) ಉಜ್ಜಿ, ಸಣ್ಣ ಗೀರುಗಳನ್ನು ಪಾಲಿಶ್‌ನಲ್ಲಿ ತೆಗೆದು, ಕೊನೆಗೆ ಕಾರ್ನೌಬಾ ವ್ಯಾಕ್ಸ್, ಅಂದರೆ ತಾಳೆ ಜಾತಿಯ ಮರದ ಎಲೆಯಿಂದ ತೆಗೆದ ಮೇಣ. ಮಾಡಿದ್ದು ಬೇರೆ. ಒರಟು ಕಾಂಪೌಂಡ್ (ಪೇಂಟ್ ಸವೆಸೋ ಪೇಸ್ಟ್) ಹಾಕಿ ರೋಟರಿ ಮಷಿನ್ (ಪ್ಯಾಡ್ ಗಿರಗಿರ ತಿರುಗಿಸಿ ಉಜ್ಜೋ ಯಂತ್ರ) ಓಡಿಸಿದ್ದಾರೆ, ಅದು ಎಬ್ಬಿಸಿದ ಗೀರುಗಳ ಮೇಲೆ ಗ್ಲೇಜ್ ಬಳಿದು ಕೀ ಕೈಗಿಟ್ಟಿದ್ದಾರೆ. ವ್ಯಾಕ್ಸ್ ಹಾಕೇ ಇಲ್ಲ.

ಗ್ಲೇಜ್ ಅಂದರೆ ಎಣ್ಣೆ ಮತ್ತು ಫಿಲ್ಲರ್. ಗೀರಿನೊಳಗೆ ತುಂಬಿಕೊಂಡು ಗೀರು ಕಾಣದ ಹಾಗೆ ಮಾಡುತ್ತೆ, ಪೇಂಟನ್ನು ಕಾಪಾಡಲ್ಲ. ಒಂದೆರಡು ಸಲ ಶಾಂಪೂ ಹಾಕಿ ತೊಳೆದರೆ ಕಿತ್ತುಹೋಗುತ್ತೆ. ಒಳ್ಳೆ ಕಾರ್ನೌಬಾ ಆದರೂ ಎರಡು ಮೂರು ತಿಂಗಳಿಗಿಂತ ಹೆಚ್ಚು ನಿಲ್ಲೋದು ಕಷ್ಟ, ಅದು ಗೊತ್ತಿರೋದೇ. ಆದರೆ ಎರಡನೇ ವಾಶ್‌ಗೇ?

ಕೊಡುವಾಗ ಶೆಡ್ಡಿನ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಬಾನೆಟ್ಟು ಕನ್ನಡಿ ಥರ ಇತ್ತು. ಎರಡನೇ ವಾಶ್ ಆದಮೇಲೆ ಸಂಜೆ ಓರೆ ಬಿಸಿಲು ಬಿತ್ತು ನೋಡಿ, ಬಾನೆಟ್ ತುಂಬಾ ಕಮಾನು ಕಮಾನಾಗಿ ಮಷಿನ್ ಓಡಿದ ಜಾಡು! ತಲೆ ಅಲ್ಲಾಡಿಸಿದರೆ ಜಾಡೂ ಅಲ್ಲಾಡುತ್ತೆ. ಬಂಪರಿನ ಕಪ್ಪು ಪ್ಲಾಸ್ಟಿಕ್ ಮೇಲೆ, ಲೋಗೋ ಸಂದಿನಲ್ಲಿ ಒಣಗಿದ ಬಿಳಿ ಕಲೆ ಬೇರೆ, ಮಾಸ್ಕಿಂಗ್ ಟೇಪ್ ಕೂಡ ಅಂಟಿಸಿಲ್ಲ. ಟ್ಯೂಬ್‌ಲೈಟಲ್ಲಿ ನೋಡಿ ಒಪ್ಪಿಕೊಂಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತೆ.

ಫೋನ್ ಮಾಡಿದರೆ ಮೊದಲ ಉತ್ತರ: "ಪಾತ್ರೆ ತೊಳೆಯೋ ಸೋಪು ಹಾಕಿರ್ತೀರ ಸಾರ್, ಅದಕ್ಕೇ ವ್ಯಾಕ್ಸ್ ಹೋಗಿದೆ." ಪಾತ್ರೆ ಸೋಪಿಗೆ ವ್ಯಾಕ್ಸ್ ಹೋಗೋದು ನಿಜ. ಆದರೆ ವ್ಯಾಕ್ಸ್ ಹೋದರೆ ಹೊಳಪು ಕಮ್ಮಿಯಾಗುತ್ತೆ, ಮಷಿನ್ ಜಾಡು ಹುಟ್ಟಲ್ಲ! ಎರಡನೇ ಉತ್ತರ: "ಕಪ್ಪು ಗಾಡಿ ಎಲ್ಲಾ ಹಂಗೇ ಸಾರ್." ಕಪ್ಪು ಬಣ್ಣ ಗೀರನ್ನು ಎದ್ದು ತೋರಿಸುತ್ತೆ, ಗೀರು ಹಾಕೋದು ಕೈ. ಮೂರನೇದು ಕೇಳಿ ಮೈ ಉರಿದುಹೋಯಿತು: "ತಗೊಂಬನ್ನಿ, ಇನ್ನೊಂದ್ಸಲ ಕಾಂಪೌಂಡ್ ಹೊಡೆದುಬಿಡ್ತೀವಿ."

ಇದಕ್ಕೆ ಮಾತ್ರ ದಯವಿಟ್ಟು ಒಪ್ಪಬೇಡಿ. ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರೋದೇ ಸುಮಾರು 40-50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಒರಟು ಕಾಂಪೌಂಡ್ ಪ್ರತಿ ಸಲ ಅದರಲ್ಲಿ ಕೆಲವು ಮೈಕ್ರಾನ್ ತಿನ್ನುತ್ತೆ. ಬಿಸಿಲಿನ ನೇರಳಾತೀತ ಕಿರಣ ತಡೆಯೋದು ಅದೇ ಪದರ. ಅಂಚುಗಳಲ್ಲಿ, ಬಾನೆಟ್ಟಿನ ಗೆರೆಗಳ ಮೇಲೆ ಅದು ಇನ್ನೂ ತೆಳು, ರೋಟರಿ ಬಿಸಿಗೆ ಸುಟ್ಟೇಹೋಗುತ್ತೆ. ಹೋದರೆ ಪೇಂಟ್ ಹೊಡೆಸೋದೊಂದೇ ದಾರಿ. ಅವರು ಒಂದು ಸಲವೂ ಗೇಜ್ ಇಟ್ಟು ಪೇಂಟ್ ದಪ್ಪ ಅಳೆದಿಲ್ಲ. ಒಂದು ಸಲವೂ!

ಮಾಡಿಸಲೇಬೇಕಿದ್ದರೆ ಪಾಲಿಶ್ ಆದಮೇಲೆ, ವ್ಯಾಕ್ಸಿಗೆ ಮುಂಚೆ ಕಾರು ನೋಡಬೇಕು ಅಂತ ಮೊದಲೇ ಹೇಳಿ. ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲಿಗೆ ಮೂರು ಪಾಲು ನೀರು ಬೆರೆಸಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿಸಿ, ಎಣ್ಣೆ ಹೋಗುತ್ತೆ, ಮುಚ್ಚಿಟ್ಟ ಗೀರು ಹೊರಗೆ ಬರುತ್ತೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿ. ನೀರು ಮಣಿ ಮಣಿಯಾಗಿ ಉರುಳೋದನ್ನು ತೋರಿಸಿದರೆ ನಂಬಬೇಡಿ, ಸಿಲಿಕೋನ್ ಎಣ್ಣೆ ಸವರಿದರೂ ಹಾಗೇ ಉರುಳುತ್ತೆ.

ವ್ಯಾಕ್ಸ್ ಹಾಕೋದು ನೆರಳಲ್ಲಿ, ಬಾನೆಟ್ ತಣ್ಣಗಿದ್ದಾಗ. ಬಿಸಿ ಲೋಹದ ಮೇಲೆ ತಕ್ಷಣ ಒಣಗಿ ಕಚ್ಚಿಕೊಳ್ಳುತ್ತೆ, ಆಮೇಲೆ ಜೋರಾಗಿ ಉಜ್ಜಬೇಕು, ಮತ್ತೆ ಗೀರು. ತೆಳ್ಳಗೆ ಸಾಕು, ದಪ್ಪ ಹಚ್ಚಿದ್ದು ಬಟ್ಟೆಗೇ ಹೋಗೋದು. ಮಂಜು ಕವಿದ ಹಾಗೆ ಆದಮೇಲೆ ಬೆರಳಲ್ಲಿ ಎಳೆದು ನೋಡಿ, ಮೆತ್ತಿಕೊಳ್ಳದೆ ಶುದ್ಧವಾಗಿ ಬಂದರೆ ಒರೆಸಬಹುದು. ಬಟ್ಟೆ ನೆಲಕ್ಕೆ ಬಿತ್ತೋ, ಅದನ್ನು ಮತ್ತೆ ಪೇಂಟಿಗೆ ತಾಗಿಸಕೂಡದು.

ಡಬ್ಬಿ ತೋರಿಸಿ ಅಂತಲೂ ಕೇಳಿ. ಇಲ್ಲಿ ಮೂರು ಸಲ ಕೇಳಿದರೂ ತೋರಿಸಲಿಲ್ಲ. "ನಮ್ಮದೇ ಮಿಕ್ಸಿಂಗ್ ಸಾರ್" ಅಂದರು. ಬಿಲ್ಲಿನಲ್ಲಿ ಮಾತ್ರ ಈಗಲೂ ಕಾರ್ನೌಬಾ ಅಂತಲೇ ಇದೆ.