ಟಾಮ್ ಕ್ರೂಸ್‌ಗೂ ಮುಂಚಿನ ಮಿಷನ್ ಇಂಪಾಸಿಬಲ್

ಮಿಷನ್ ಇಂಪಾಸಿಬಲ್ ಅಂದರೆ ಈಗಿನವರಿಗೆ ಟಾಮ್ ಕ್ರೂಸ್, ಅಷ್ಟೇ. ನಾನು ಹೇಳಹೊರಟಿರುವುದು ಮೂಲ ಟಿವಿ ಸೀರಿಯಲ್ ಬಗ್ಗೆ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1966ರಿಂದ 1973ರವರೆಗೆ ಬಂತು. ಏಳು ಸೀಸನ್, ಒಟ್ಟು 171 ಕಂತು. ಅದರ ಡಿವಿಡಿ ಸೆಟ್ ಈಗ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿದೆ. ಈ ಮಳೆಗಾಲದಲ್ಲಿ ಇಷ್ಟದ ಕಂತುಗಳನ್ನಷ್ಟೇ ಆರಿಸಿ ಮತ್ತೆ ನೋಡಿದೆವು, ನಾನು, ಮಗಳು, ಮಾಟುಂಗಾದಿಂದ ಬರುವ ನಮ್ಮ ಸೋದರಮಾವ. ಕೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮೊದಲ ಮೂರು ಸೀಸನ್ ಕಣ್ಣು ಮುಚ್ಚಿ ಕೊಳ್ಳಿ. ನಾಲ್ಕು, ಐದು ಅಗ್ಗಕ್ಕೆ ಸಿಕ್ಕರೆ ಸರಿ. ಆರು, ಏಳಕ್ಕೆ ದುಡ್ಡು ಹಾಕಬೇಡಿ.

ಒಂದು ಎಚ್ಚರಿಕೆ. ನಮ್ಮದು ಅಮೆರಿಕದ ಸೆಟ್, ಅಂದರೆ ರೀಜನ್ 1. ಭಾರತ ಇರುವುದು ರೀಜನ್ 5ರಲ್ಲಿ. ಒಂದು ರೀಜನ್ನಿನ ಡಿವಿಡಿ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ಲಾಕ್ ಇರುತ್ತದೆ. ಮಾರಿದವನು ಈ ವಿಷಯ ಬಾಯಿಬಿಡಲೇ ಇಲ್ಲ. ಕೊನೆಗೆ ಮಗಳು ಪ್ಲೇಯರ್‌ನ ರಿಮೋಟ್‌ನಲ್ಲಿ ಏನೇನೋ ಒತ್ತಿ ಆ ಲಾಕ್ ತೆಗೆದಳು. ಎಲ್ಲ ಪ್ಲೇಯರ್‌ನಲ್ಲೂ ಹೀಗೆ ಆಗುವುದಿಲ್ಲ, ಕೊಳ್ಳುವ ಮುಂಚೆ ಕೇಳಿ.

ಶುರುವಾಗುವ ರೀತಿಯೇ ಚಂದ. ಒಂದು ಕೈ ಬೆಂಕಿಕಡ್ಡಿ ಗೀರುತ್ತದೆ, ಬತ್ತಿ ಚರ್ರೆಂದು ಉರಿಯುತ್ತಾ ಓಡುತ್ತದೆ, ಅವತ್ತಿನ ಕಂತಿನದೇ ದೃಶ್ಯಗಳು ತುಂಡು ತುಂಡಾಗಿ ಮಿಂಚಿ ಹೋಗುತ್ತವೆ. ಆ ಕೈ ಸೀರಿಯಲ್ ಹುಟ್ಟುಹಾಕಿದ ಬ್ರೂಸ್ ಗೆಲ್ಲರ್ ಅವರದೇ. ಲಾಲೋ ಷಿಫ್ರಿನ್ ಸಂಗೀತ ಐದರ ಲೆಕ್ಕದಲ್ಲಿ ಓಡುತ್ತದೆ. ಷಣ್ಮುಖಾನಂದ ಹಾಲ್‌ನ ಕಛೇರಿ ಬಿಡದ ನಮ್ಮ ಮಾವ ತೊಡೆ ತಟ್ಟಿಕೊಂಡು, "ಐದು ಅಕ್ಷರ ಮಾರಾಯ, ಖಂಡ ಛಾಪು ಹಾಕಿದ್ರೂ ನಡೀತದೆ" ಅಂದರು. ಆಮೇಲೆ ಪ್ರತಿ ಕಂತಿಗೂ ಹಾಕಿದರು.

ಇದರ ಮಜಾ ಇರುವುದು ಸುಳ್ಳು ಕಟ್ಟುವುದರಲ್ಲಿ. ಬಂದೂಕು ತೀರಾ ಕಡಿಮೆ. ಅಮೆರಿಕ ಸರ್ಕಾರಕ್ಕಾಗಿ ಗುಟ್ಟಾಗಿ ಕೆಲಸ ಮಾಡುವ ಒಂದು ತಂಡದ ಕಥೆ ಇದು, ಅವರ ಪ್ಲಾನ್ ಏನು ಅಂತ ನಮಗೂ ಪೂರ್ತಿ ಹೇಳುವುದಿಲ್ಲ. ತಂಡದ ಯಂತ್ರತಜ್ಞ ಬಾರ್ನಿ (ಗ್ರೆಗ್ ಮಾರಿಸ್) ಗೋಡೆಯೊಳಗೆ ನುಸುಳಿ ಏನೋ ವೈರ್ ಜೋಡಿಸುತ್ತಾನೆ, ತಂಡದ ಬಲಶಾಲಿ ವಿಲ್ಲಿ ಒಂದು ಭಾರದ ಪೆಟ್ಟಿಗೆ ಹೊತ್ತು ಬರುತ್ತಾನೆ, ಒಳಗೆ ಏನಿದೆಯೋ ಯಾರಿದ್ದಾರೋ ಗೊತ್ತಿಲ್ಲ. ಮಾತಿಲ್ಲದೆ ನಿಮಿಷಗಟ್ಟಲೆ ಕೆಲಸ ನಡೆಯುತ್ತದೆ. ಫೋನ್ ನೋಡುತ್ತಾ ಕೂತರೆ ಏನೂ ಅರ್ಥವಾಗುವುದಿಲ್ಲ, ಮಗಳಿಗೆ ಎರಡು ಸಲ ರಿವೈಂಡ್ ಮಾಡಬೇಕಾಯಿತು.

ನನ್ನ ಪಟ್ಟಿಯಲ್ಲಿ ಮೊದಲು 'ಆಪರೇಷನ್ ರೋಗೋಷ್', ಮೊದಲ ಸೀಸನ್ನಿನದು. ಲಾಸ್ ಏಂಜಲೀಸ್‌ನಲ್ಲಿ ರಾಶಿ ಜನರನ್ನು ಕೊಲ್ಲಲು ಏರ್ಪಾಡು ಮಾಡಿರುವ ಶತ್ರು ಗೂಢಚಾರ ರೋಗೋಷ್. ಹೊಡೆದು ಬಡಿದರೆ ಬಾಯಿ ಬಿಡುವ ಆಸಾಮಿಯಲ್ಲ. ಅವನು ಎಚ್ಚರವಾಗುವಾಗ ತನ್ನದೇ ದೇಶದ ಜೈಲಿನಲ್ಲಿದ್ದೇನೆ, ಮೂರು ವರ್ಷ ಕಳೆದುಹೋಗಿದೆ, ದೇಶದ್ರೋಹಿ ಅಂತ ತನ್ನನ್ನು ಕೊಲ್ಲಲಿದ್ದಾರೆ ಅಂತ ನಂಬಿಸುತ್ತಾರೆ. ಪ್ರಾಣ ಉಳಿಸಿಕೊಳ್ಳಲು ಅವನೇ ತನ್ನ ಸಾಹಸ ಹೇಳಿಕೊಳ್ಳಬೇಕು. ರೋಗೋಷ್ ಆಗಿ ಫ್ರಿಟ್ಜ್ ವೀವರ್. ನಂಬುವುದೋ ಬಿಡುವುದೋ ಅಂತ ಒದ್ದಾಡುವ ಅವರ ಮುಖ ಒಂದೇ ಸಾಕು.

'ದಿ ಟ್ರೇನ್' ನೋಡುವಾಗ ಮಾತ್ರ ನಮಗೆ ನಗು ತಡೆಯಲಾಗಲಿಲ್ಲ. ಮುಚ್ಚಿದ ಗೋದಾಮಿನಲ್ಲಿ ರೈಲು ಡಬ್ಬಿ ನಿಲ್ಲಿಸಿ, ಕಿಟಕಿಯಾಚೆ ಓಡುವ ಊರುಕೇರಿಯ ಫಿಲ್ಮ್ ತೋರಿಸಿ, ಡಬ್ಬಿ ಅಲ್ಲಾಡಿಸಿ, ಒಳಗಿರುವ ಮಂತ್ರಿಗೆ ಪ್ರಯಾಣ ಮಾಡುತ್ತಿದ್ದೇನೆ ಅನ್ನಿಸುವುದು, ಆಮೇಲೆ ಅಪಘಾತವನ್ನೂ ಮಾಡಿಸುವುದು! ದಿನಾ ಫಾಸ್ಟ್ ಲೋಕಲ್‌ನಲ್ಲಿ ನೇತಾಡುವವರ ಬೆನ್ನಿಗೆ ಟ್ರ್ಯಾಕ್ ಬದಲಾಗುವ ಜಾಗಗಳೆಲ್ಲ ಬಾಯಿಪಾಠ, ನಮ್ಮನ್ನು ಹೀಗೆ ಮೋಸ ಮಾಡಲು ಆಗುತ್ತಿತ್ತಾ? ಆದರೂ ಕಂತು ಸೊಗಸಾಗಿದೆ. ಯಾರನ್ನೂ ಕೊಲ್ಲುವುದಿಲ್ಲ, ಮುದಿ ಪ್ರಧಾನಿಗೆ ತಾನು ನಂಬಿದ ಉತ್ತರಾಧಿಕಾರಿಯ ನಿಜ ಬಣ್ಣ ತೋರಿಸುತ್ತಾರೆ ಅಷ್ಟೇ. ಇದೇ ಉಪಾಯ ನಾಲ್ಕನೇ ಸೀಸನ್ನಿನಲ್ಲಿ 'ಸಬ್‌ಮೆರೀನ್' ಆಗಿ ಮತ್ತೆ ಬರುತ್ತದೆ. ಅಲ್ಲಿ ಬಲಿ ಒಬ್ಬ ಹಳೇ ನಾಜಿ. ಅದೂ ಪರವಾಗಿಲ್ಲ.

ಎಲ್ಲಕ್ಕಿಂತ ಮೇಲಿನದು ಮೂರನೇ ಸೀಸನ್ನಿನ 'ದಿ ಮೈಂಡ್ ಆಫ್ ಸ್ಟೆಫಾನ್ ಮಿಕ್ಲೋಸ್'. ಅಮೆರಿಕ ಬೇಕೆಂದೇ ಹರಿಬಿಟ್ಟ ಸುಳ್ಳು ಮಾಹಿತಿ ನಿಜವೋ ಅಲ್ಲವೋ ಅಂತ ಪರೀಕ್ಷಿಸಲು ಶತ್ರುಗಳು ಕಳಿಸುವ ಮನುಷ್ಯ ಮಿಕ್ಲೋಸ್. ಒಮ್ಮೆ ನೋಡಿದ್ದನ್ನು ಮರೆಯದವನು, ಮಹಾ ಬುದ್ಧಿವಂತ. ಅಂಥವನಿಗೆ ಸುಳ್ಳನ್ನು ನೇರ ಕೈಗಿಟ್ಟರೆ ನಂಬುತ್ತಾನಾ? ಅದಕ್ಕೆ ಅವನಂಥ ಚುರುಕಿನವನಿಗೆ ಮಾತ್ರ ಕಾಣುವಷ್ಟು ಸಣ್ಣ ಸುಳಿವುಗಳನ್ನು ಅಲ್ಲಲ್ಲಿ ಬಿಡುತ್ತಾರೆ. ಅವನು ತಾನೇ ಕಂಡುಹಿಡಿದೆ ಅಂದುಕೊಂಡು, ಗೆದ್ದ ಖುಷಿಯಲ್ಲಿ ಹೊರಡುತ್ತಾನೆ. ಹೊಡೆದಾಟ ಬಿಡಿ, ದನಿ ಏರಿಸಿ ಮಾತಾಡುವವರೂ ಇಲ್ಲ. ಸ್ಟೀವ್ ಇನಾಟ್ ನಟನೆ ನೋಡಿ ಮಾವ ಸುಮ್ನೆ ಕೂತುಬಿಟ್ಟರು, ಚಹಾ ಆರಿಹೋಯಿತು.

ಅದೇ ಸೀಸನ್ನಿನ 'ದಿ ಎಕ್ಸ್‌ಚೇಂಜ್' ಕೂಡ ಬಿಡಬೇಡಿ. ತಂಡದ ಸಿನಮನ್ (ಬಾರ್ಬರಾ ಬೇನ್) ಸಿಕ್ಕಿಬೀಳುತ್ತಾಳೆ, ಇಕ್ಕಟ್ಟಾದ ಜಾಗ ಕಂಡರೆ ಅವಳಿಗಿರುವ ಭಯವನ್ನೇ ಶತ್ರುಗಳು ಹಿಡಿದುಕೊಳ್ಳುತ್ತಾರೆ. ಈ ಸೀರಿಯಲ್‌ನಲ್ಲಿ ತಂಡದವರಿಗೆ ಮನೆಯಿಲ್ಲ, ಮಕ್ಕಳಿಲ್ಲ, ಶೀತ ನೆಗಡಿಯೂ ಇಲ್ಲ. ಅಂಥದ್ದರಲ್ಲಿ ಒಬ್ಬಳು ಹೆದರಿ ನಡುಗುವುದನ್ನು ಕಂಡಾಗ ಕರುಳು ಚುರುಕ್ ಅನ್ನುತ್ತದೆ. ಬಾರ್ಬರಾ ಬೇನ್‌ಗೆ 1967, 68, 69, ಮೂರು ವರ್ಷ ಸಾಲಾಗಿ ಎಮ್ಮಿ, ಅಂದರೆ ಅಮೆರಿಕದ ಟಿವಿ ಪ್ರಶಸ್ತಿ, ಬಂದದ್ದು ಸುಮ್ಮನೆ ಅಲ್ಲ.

ಬೇಸರದ ವಿಷಯಗಳೂ ಇವೆ. ಒಂದೇ ಸಲ ಜಾಸ್ತಿ ನೋಡಿದರೆ ಅಚ್ಚು ಒಂದೇ ಅಂತ ಗೊತ್ತಾಗುತ್ತದೆ: ಕೆಲಸ ಹೇಳುವ ಟೇಪ್, ಅದು ತಾನೇ ಸುಟ್ಟು ಬರುವ ಹೊಗೆ, ತಂಡ ಆರಿಸಲು ನೋಡುವ ಫೋಟೋ, ಮುಖವಾಡ, ವ್ಯಾನ್ ಹತ್ತಿ ಪರಾರಿ. ವಾರಕ್ಕೊಂದು ಸಾಕು. ಬೇರೆ ದೇಶದ ಸರ್ಕಾರಗಳನ್ನು ಅಮೆರಿಕದವರು ಆಟಿಕೆ ಥರ ಬೀಳಿಸುವುದು, ಅದಕ್ಕೆ ಯಾರೂ ಒಂದು ಪ್ರಶ್ನೆ ಕೇಳದಿರುವುದು ಇವತ್ತು ಕಿರಿಕಿರಿ ಮಾಡುತ್ತದೆ. ಮಗಳಂತೂ "ಇವರನ್ನು ಕರೆದವರು ಯಾರು ಪಪ್ಪಾ?" ಅಂತ ಕೇಳಿಯೇಬಿಟ್ಟಳು. ಆದರೆ ಆ ಕಲ್ಪಿತ ದೇಶಗಳ ಬೋರ್ಡುಗಳು ಮಾತ್ರ ತಮಾಷೆ. ಗ್ಯಾಸ್ ಅನ್ನುವುದನ್ನು 'ಗಾಜ್' ಥರ ಬರೆದಿರುತ್ತಾರೆ, ಅಮೆರಿಕದವರಿಗೂ ಓದಲು ಬರಬೇಕಲ್ವಾ!

ತಂಡದ ನಾಯಕನ ಪಾತ್ರದ ವಿಷಯದಲ್ಲಿ ನಾನು ಮೊದಲ ಸೀಸನ್ನಿನ ಸ್ಟೀವನ್ ಹಿಲ್ ಪಕ್ಷ. ಮಡಿವಂತ ಯಹೂದಿಯಾದ ಅವರು ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಸೆಟ್ ಬಿಟ್ಟು ಹೊರಡುತ್ತಿದ್ದರು. ಆಮೇಲೆ ಬಂದ ಪೀಟರ್ ಗ್ರೇವ್ಸ್ ನೋಡಲು ಠೀವಿ, ಆದರೆ ಹಿಲ್ ಮುಖದಲ್ಲಿದ್ದ ಆ ಚಿಂತೆ ಇಲ್ಲ. ಮೂರನೇ ಸೀಸನ್ ಮುಗಿದ ಮೇಲೆ ಮಾರ್ಟಿನ್ ಲ್ಯಾಂಡೌ, ಬಾರ್ಬರಾ ಬೇನ್ ದಂಪತಿ ಹೊರಟರು. ಲ್ಯಾಂಡೌ ಜಾಗಕ್ಕೆ ಲೆನಾರ್ಡ್ ನಿಮೋಯ್ ಬಂದರು, ಎರಡು ಸೀಸನ್ ನಿಭಾಯಿಸಿದರು. ಕೊನೆಯ ಎರಡರಲ್ಲಿ ವಿದೇಶದ ಸರ್ವಾಧಿಕಾರಿಗಳು ಹೋಗಿ ಅಮೆರಿಕದ ಮಾಫಿಯಾ ಗ್ಯಾಂಗುಗಳೇ ಕಂತು ಕಂತಿಗೂ ಬರುತ್ತವೆ, ಅಲ್ಲಿಗೆ ರುಚಿ ಹೋಯಿತು.

1988ರಲ್ಲಿ ಮತ್ತೆ ಶುರು ಮಾಡಿದರು, ಗ್ರೇವ್ಸ್ ಜೊತೆಗೆ ಬಾರ್ನಿಯ ಮಗನ ಪಾತ್ರದಲ್ಲಿ ಗ್ರೆಗ್ ಮಾರಿಸ್ ಅವರ ನಿಜವಾದ ಮಗ ಫಿಲ್ ಮಾರಿಸ್. ಆಗ ಅಲ್ಲಿ ಬರಹಗಾರರ ಮುಷ್ಕರ, ಹಾಗಾಗಿ ಕೆಲವು ಕಂತುಗಳಿಗೆ ಹಳೇ ಸ್ಕ್ರಿಪ್ಟುಗಳನ್ನೇ ತಿದ್ದಿ ಬಳಸಿಕೊಂಡರು. ಹಳೇದೇ ಮನೆಯಲ್ಲಿದ್ದ ಮೇಲೆ ಆ ಸೆಟ್ ಬೇರೆ ಯಾಕೆ?