ಡಬ್ಲ್ಯೂಇ43 ಮೆಗ್ನೀಷಿಯಂ ಎರಕ: ದುಡ್ಡು ಜಾಸ್ತಿ, ಆದರೆ ಬಿಸಿಗೆ ಜಗ್ಗಲ್ಲ

ಪೀಣ್ಯದಲ್ಲಿ ನಮ್ಮದು ಚಿಕ್ಕ ಮಷೀನ್ ಶಾಪ್. ಯಂತ್ರಭಾಗ ಪರೀಕ್ಷಿಸುವ ಟೆಸ್ಟ್ ರಿಗ್‌ಗಳಿಗೆ ಹಗುರವಾದ ಹೌಸಿಂಗ್ (ಹೊರಕವಚ) ಮಾಡಿಕೊಡುತ್ತೇವೆ. ಮೊದಲು ಎಲ್ಲಕ್ಕೂ ಎಝಡ್91 ಎಂಬ ಮೆಗ್ನೀಷಿಯಂ ಮಿಶ್ರಲೋಹದ ಎರಕವೇ. ಬಿಸಿ ಇಲ್ಲದ ಕಡೆ ಅದಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಎಣ್ಣೆ 150 ಡಿಗ್ರಿ ಮುಟ್ಟುವ ಹೌಸಿಂಗ್‌ನಲ್ಲಿ ಬೋಲ್ಟ್‌ಗಳು ಮತ್ತೆ ಮತ್ತೆ ಸಡಿಲವಾಗುತ್ತಿದ್ದವು. ಬೋಲ್ಟ್ ತಲೆಯ ಕೆಳಗಿನ ಲೋಹವೇ ನಿಧಾನಕ್ಕೆ ಅಮುಕಿಹೋಗುತ್ತಿತ್ತು. ಅದಕ್ಕೇ ಟಿ6 ಮಾಡಿದ (ಕಾಯಿಸಿ, ತಣಿಸಿ, ಮತ್ತೆ ಕಡಿಮೆ ಬಿಸಿಯಲ್ಲಿಟ್ಟು ಗಟ್ಟಿ ಮಾಡಿದ) ಡಬ್ಲ್ಯೂಇ43 ತರಿಸಿದೆವು. ಈಗ ಆ ತೊಂದರೆ ಇಲ್ಲ.

ಎಲ್ಲ ಇರುವುದು ಬೆರಕೆಯಲ್ಲಿ. ಎಝಡ್91ರಲ್ಲಿ ಸುಮಾರು 9% ಅಲ್ಯೂಮಿನಿಯಂ, 1% ಸತು. ಡಬ್ಲ್ಯೂಇ43ರಲ್ಲಿ ಸುಮಾರು 4% ಇಟ್ರಿಯಂ, ನಿಯೋಡಿಮಿಯಂ ಮತ್ತಿತರ ಅಪರೂಪದ ಲೋಹಗಳು ಸೇರಿ 3%, ಜೊತೆಗೆ ಚೂರು ಜಿರ್ಕೋನಿಯಂ. ಏಜಿಂಗ್ ಮಾಡಿದಾಗ, ಅಂದರೆ ಟಿ6ನ ಕೊನೆಗೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟಾಗ, ಎರಡರಲ್ಲೂ ಒಳಗೆ ಸಣ್ಣ ಕಣಗಳು ಹುಟ್ಟುತ್ತವೆ. ಮೆಗ್ನೀಷಿಯಂ ಹರಳಿನ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ, ಅಲ್ವಾ? ಎಝಡ್91ರ ಕಣಗಳು ಹೆಚ್ಚಾಗಿ ಆ ಪದರದ ಮೇಲೇ ಚಪ್ಪಟೆ ಮಲಗುತ್ತವೆ, ಗಾತ್ರವೂ ದೊಡ್ಡದು. ಡಬ್ಲ್ಯೂಇ43ರವು ತೆಳುವಾಗಿ, ದಟ್ಟವಾಗಿ, ಪದರಕ್ಕೆ ಅಡ್ಡಲಾಗಿ ನಿಂತು ಜಾರುವುದನ್ನು ತಡೆಯುತ್ತವೆ. ಹೊಲದಲ್ಲಿ ನೀರು ಹರಿಯುವ ಕಡೆಗೇ ಬದು ಹಾಕಿದರೆ ನೀರು ನಿಲ್ಲಲ್ಲ, ಅಡ್ಡ ಹಾಕಬೇಕು.

ಏಜಿಂಗ್ ಶಾಖವೂ ಬೇರೆ. ಎಝಡ್91ಗೆ ಸಾಮಾನ್ಯವಾಗಿ 168 ಡಿಗ್ರಿ. ಡಬ್ಲ್ಯೂಇ43ಗೆ 525ರಲ್ಲಿ 8 ಗಂಟೆ ಇಟ್ಟು, ತಣಿಸಿ, ಆಮೇಲೆ 250ರಲ್ಲಿ 16 ಗಂಟೆ. 250ರಲ್ಲಿ ಹದವಾದ ಲೋಹ 200ರ ಎಣ್ಣೆಗೆ ಬೇಗ ಸೋಲಲ್ಲ.

ನಮ್ಮ ಪೀಸನ್ನು ಕತ್ತರಿಸಿ ನೋಡಿದೆ. ಗಡಸುತನ ತೆಳು ಗೋಡೆಯಲ್ಲಿ ಬ್ರಿನೆಲ್ ಅಳತೆಯಲ್ಲಿ 84, ದಪ್ಪ ಬಾಸ್‌ನಲ್ಲಿ (ಬೋಲ್ಟ್ ಕೂರುವ ಉಬ್ಬಿನಲ್ಲಿ) 81. ದಪ್ಪ ಜಾಗದಲ್ಲೂ ಇಷ್ಟು ಬಂದಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಲೋಹದ ಹರಳಿನ ಕಾಳೂ (ಗ್ರೇನ್) ಸಣ್ಣಗಿತ್ತು, ಅದು ಜಿರ್ಕೋನಿಯಂ ಕೆಲಸ. ಅಲ್ಯೂಮಿನಿಯಂ ಇರುವ ಮಿಶ್ರಲೋಹಕ್ಕೆ ಇದನ್ನು ಹಾಕಿ ಪ್ರಯೋಜನವಿಲ್ಲ, ಅವೆರಡೂ ಕೂಡಿಕೊಂಡು ಬೇರೆಯಾಗಿಬಿಡುತ್ತವೆ.

ಟರ್ನಿಂಗ್, ಮಿಲ್ಲಿಂಗ್ ಎರಡೂ ಸಲೀಸು. ಚಿಪ್ಸ್ ಮಾತ್ರ ಗುಡ್ಡೆ ಹಾಕಬೇಡಿ. ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಒಣ ಮರಳು ಪಕ್ಕದಲ್ಲೇ ಇರಲಿ.

ಬೇಸರ ಎರಡು. ಬೆಲೆ ಎಝಡ್91ಗಿಂತ ಬಹಳ ಜಾಸ್ತಿ. ಇನ್ನೊಂದು, ಮಾರಿದವರು ಬೆರಕೆಯ ಸರ್ಟಿಫಿಕೇಟ್ ಮಾತ್ರ ಕಳಿಸಿದರು, ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಇಟ್ಟರೆಂದು ತೋರಿಸುವ ಫರ್ನೆಸ್ ಚಾರ್ಟ್ ಕಳಿಸಲಿಲ್ಲ. ಬೆರಕೆ ಸರಿ ಇದ್ದು ಏಜಿಂಗ್ ತಪ್ಪಿದರೆ ಕೊಟ್ಟ ದುಡ್ಡೆಲ್ಲ ದಂಡ. ಆರ್ಡರ್ ಹಾಕುವಾಗಲೇ ಚಾರ್ಟ್ ಬೇಕೆಂದು ಬರೆಸಿಕೊಳ್ಳಿ. 120 ಡಿಗ್ರಿ ದಾಟದ ಭಾಗಕ್ಕಾದರೆ ಎಝಡ್91 ಸಾಕು, ಸುಮ್ನೆ ಖರ್ಚು ಮಾಡಬೇಡಿ.